ಅಸ್ಥಿಮಜ್ಜೆ ಪರೀಕ್ಷೆ: ಸೂಜಿಯ ಭಯ, ಗಡಿಯ ದೂರ

2025ರ ಫೆಬ್ರವರಿ 1ರಂದು ಮಂಡನೆಯಾದ ಕೇಂದ್ರ ಬಜೆಟ್ ಕ್ಯಾನ್ಸರ್ ರೋಗಿಗಳಿಗೆ ಒಂದು ಭರವಸೆ ಕೊಟ್ಟಿತ್ತು. ಮೂರು ವರ್ಷಗಳೊಳಗೆ ದೇಶದ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕ್ಯಾನ್ಸರ್ ಕೇಂದ್ರ, ಅದರಲ್ಲಿ 200 ಕೇಂದ್ರಗಳು 2025-26ರಲ್ಲೇ ಎಂಬುದು ಆ ಮಾತು. ಅದೇ ವರ್ಷ ಕರ್ನಾಟಕ ಸರ್ಕಾರವೂ 16 ಜಿಲ್ಲಾಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋಥೆರಪಿ ಆರಂಭಿಸಿತು. ಬೆಳಗ್ಗೆ ಹೋಗಿ ಔಷಧ ಹಾಕಿಸಿಕೊಂಡು ಸಂಜೆ ಮನೆಗೆ ಬರುವ ವ್ಯವಸ್ಥೆ. ಬಡವರ ಬಸ್ ಚಾರ್ಜು, ಲಾಡ್ಜ್ ಬಾಡಿಗೆ, ಕೂಲಿ ಎಲ್ಲ ಉಳಿಯುತ್ತದೆ. ಒಳ್ಳೆಯ ಕೆಲಸ, ಸ್ವಾಗತಿಸೋಣ.

ಆದರೆ ಕೀಮೋ ಕುರ್ಚಿಯಲ್ಲಿ ಕೂರುವ ಮೊದಲು ಒಂದು ಪ್ರಶ್ನೆಗೆ ಉತ್ತರ ಸಿಕ್ಕಿರಬೇಕು. ಇದು ಯಾವ ಕ್ಯಾನ್ಸರ್, ಎಲ್ಲಿಯವರೆಗೆ ಹರಡಿದೆ? ಈ ಉತ್ತರ ಇಲ್ಲದೆ ಯಾವ ಔಷಧ, ಎಷ್ಟು ಸುತ್ತು, ಗುಣ ಮಾಡುವ ಗುರಿಯೋ ನೋವು ಕಡಿಮೆ ಮಾಡುವ ಗುರಿಯೋ ಎಂದು ವೈದ್ಯರು ತೀರ್ಮಾನಿಸಲಾರರು. ಹಲವು ಕ್ಯಾನ್ಸರ್‌ಗಳಲ್ಲಿ ಆ ಉತ್ತರ ಸಿಗುವುದು ಅಸ್ಥಿಮಜ್ಜೆ ಪರೀಕ್ಷೆಯಿಂದ. ನಮ್ಮ ಜನ ಅತಿ ಹೆಚ್ಚು ಹೆದರುವ ಪರೀಕ್ಷೆಗಳಲ್ಲಿ ಇದೂ ಒಂದು. ಬಜೆಟ್ ಭಾಷಣದಲ್ಲಿ ಕೀಮೋ ಕೇಂದ್ರ ಇದೆ, ಈ ಪರೀಕ್ಷೆಯ ಮಾತಿಲ್ಲ. ಹಳ್ಳಿಯ ರೋಗಿ ಬಹಳಷ್ಟು ಸಲ ದಾರಿ ತಪ್ಪುವುದು ಇಲ್ಲೇ.

ಇದನ್ನು ಸರಿಯಾಗಿ ನೋಡಬೇಕಾದರೆ ಮಂಗಳೂರಿನಂಥ ಊರಿನಿಂದ ಸ್ವಲ್ಪ ಆಚೆ ಹೋಗಬೇಕು. ಇಲ್ಲಿ ಅರ್ಧ ಡಜನ್‌ಗೂ ಹೆಚ್ಚು ವೈದ್ಯಕೀಯ ಕಾಲೇಜುಗಳಿವೆ. ದೇರಳಕಟ್ಟೆಯ ಒಂದೇ ರಸ್ತೆಯಲ್ಲಿ ಆಸ್ಪತ್ರೆಗಳ ಸಾಲಿದೆ. ನಮ್ಮವರು ಪರೀಕ್ಷೆ ಮುಂದೂಡಿದರೆ ಹೆಚ್ಚಾಗಿ ಅದು ಭಯದಿಂದ, ಇಲ್ಲವೇ ಖರ್ಚಿನಿಂದ. ದೂರವೂ ಸೇರಿಕೊಂಡರೆ ಏನಾಗುತ್ತದೆ ಎಂದು ತಿಳಿಯಲು ಆಂಧ್ರಪ್ರದೇಶದ ಅನಂತಪುರ ಜಿಲ್ಲೆಯ ಗುಮ್ಮಘಟ್ಟವನ್ನು ನೋಡಬಹುದು.

ಗುಮ್ಮಘಟ್ಟ ಎಲ್ಲಿದೆ, ನಮಗೇಕೆ?

ಗುಮ್ಮಘಟ್ಟ ರಾಯದುರ್ಗದ ಪಕ್ಕದ ಮಂಡಲ. ವೇದಾವತಿ ನದಿಗೆ ಕಟ್ಟಿದ ಭೈರವಾನಿ ತಿಪ್ಪ ಅಣೆಕಟ್ಟು ಇರುವುದು ಇಲ್ಲೇ. ಪಶ್ಚಿಮಕ್ಕೆ ಸ್ವಲ್ಪ ಹೋದರೆ ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು, ಉತ್ತರಕ್ಕೆ ಬಳ್ಳಾರಿ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಆಗಿನ ಬಳ್ಳಾರಿ ಜಿಲ್ಲೆಯನ್ನು ಒಡೆದು ಆದೋನಿ, ಆಲೂರು, ರಾಯದುರ್ಗ ತಾಲೂಕುಗಳನ್ನು ಆ ಕಡೆಗೆ ಕೊಟ್ಟರು. ಉಳಿದದ್ದು ಮೈಸೂರು ರಾಜ್ಯಕ್ಕೆ ಬಂತು. ಭೂಪಟದಲ್ಲಿ ಗೆರೆ ಬಿತ್ತು. ಜನರ ಸಂಬಂಧ, ಸಂತೆ, ಮದುವೆ, ಆಸ್ಪತ್ರೆ ಮಾತ್ರ ಹಳೆಯ ದಾರಿಯಲ್ಲೇ ಉಳಿದವು. ರಾಯದುರ್ಗ, ಮಡಕಶಿರಾ ಭಾಗದಲ್ಲಿ ಇವತ್ತಿಗೂ ಮನೆಯಲ್ಲಿ ಕನ್ನಡ ಆಡುವವರಿದ್ದಾರೆ. ಮಡಕಶಿರಾವಂತೂ ಮೂರು ಕಡೆ ಕರ್ನಾಟಕದಿಂದಲೇ ಸುತ್ತುವರಿದಿದೆ. 2022ರಲ್ಲಿ ಅದು ಹೊಸ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು.

ತಲಪಾಡಿ ಗಡಿಯ ಕಥೆ ಗೊತ್ತಿರುವ ನಮಗೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಮಂಜೇಶ್ವರ, ಉಪ್ಪಳ, ಕುಂಬಳೆಯ ಮಂದಿಗೆ ಆಸ್ಪತ್ರೆ ಅಂದರೆ ಮಂಗಳೂರು. 2020ರ ಮಾರ್ಚ್-ಏಪ್ರಿಲ್‌ನಲ್ಲಿ ಕೋವಿಡ್ ಕಾರಣ ಕೊಟ್ಟು ಗಡಿ ರಸ್ತೆಗಳಿಗೆ ಮಣ್ಣು ಸುರಿದಾಗ, ಸಕಾಲಕ್ಕೆ ಮಂಗಳೂರು ತಲುಪಲಾಗದೆ ಕಾಸರಗೋಡಿನ ಹಲವರು ಜೀವ ಕಳೆದುಕೊಂಡರು. ವಿಷಯ ಕೇರಳ ಹೈಕೋರ್ಟ್‌ಗೆ, ಅಲ್ಲಿಂದ ಸುಪ್ರೀಂ ಕೋರ್ಟ್‌ಗೆ ಹೋಯಿತು. ಅದು ಎಲ್ಲರಿಗೂ ಕಂಡ ಮಣ್ಣಿನ ಗುಡ್ಡೆ. ಗುಮ್ಮಘಟ್ಟದಲ್ಲಿ ರಸ್ತೆ ತೆರೆದೇ ಇದೆ, ಅಡ್ಡ ನಿಲ್ಲುವುದು ಕಾಗದ.

ರಾಯದುರ್ಗದ ಜೀನ್ಸ್ ಹೊಲಿಗೆ ಘಟಕದಲ್ಲಿ ದುಡಿಯುವ ಒಬ್ಬಾತ ಎಂದಿಟ್ಟುಕೊಳ್ಳಿ. ಕುತ್ತಿಗೆಯಲ್ಲಿ ನೋವಿಲ್ಲದ ಗಂಟು, ರಾತ್ರಿ ಮೈಯೆಲ್ಲ ಬೆವರು, ಎರಡು ತಿಂಗಳಿಂದ ಜ್ವರ, ತೂಕ ಇಳಿಯುತ್ತಿದೆ. ಮೊದಲು ಊರಿನ ಆರ್‌ಎಂಪಿ ಡಾಕ್ಟರ್ ಹತ್ತಿರ ಇಂಜೆಕ್ಷನ್. ಆಮೇಲೆ ಯಾರೋ ಕ್ಷಯ ಇರಬಹುದು ಅಂತಾರೆ, ಮಾತ್ರೆ ಶುರುವಾಗುತ್ತದೆ. ಇಳಿಯದಿದ್ದಾಗ ಬಳ್ಳಾರಿಯ ಸರ್ಕಾರಿ ಮೆಡಿಕಲ್ ಕಾಲೇಜು, ಇಲ್ಲ ಅನಂತಪುರ, ಕೊನೆಗೆ ಬೆಂಗಳೂರಿನ ಕಿದ್ವಾಯಿ. ಈ ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ನಾಲ್ಕೈದು ತಿಂಗಳು ಹೋಗಿರುತ್ತದೆ. ಅಲ್ಲಿ ವೈದ್ಯರು "ಬೋನ್ ಮ್ಯಾರೋ ಮಾಡಬೇಕು" ಅಂದ ತಕ್ಷಣ ಮನೆಯವರ ಮುಖ ಬಾಡುತ್ತದೆ. "ಬೆನ್ನಿಗೆ ಸೂಜಿ ಹಾಕಿದರೆ ಕಾಲು ಬಿದ್ದು ಹೋಗುತ್ತೆ" ಎಂದು ಹೇಳುವ ಒಬ್ಬ ನೆಂಟ ಎಲ್ಲ ಊರಲ್ಲೂ ಇರುತ್ತಾನೆ, ನಮ್ಮೂರಲ್ಲೂ ಇದ್ದಾನೆ. ಅರ್ಧದಷ್ಟು ಜಗಳ ಈ ಒಂದು ತಪ್ಪು ಮಾತಿನಿಂದ. ಹಾಗಾಗಿ ಮೊದಲು ಪರೀಕ್ಷೆಯನ್ನೇ ಅರ್ಥ ಮಾಡಿಕೊಳ್ಳೋಣ.

ಸೂಜಿ ಹೋಗುವುದು ಸೊಂಟದ ಮೂಳೆಗೆ

ಮೂಳೆಯ ಒಳಗಿನ ಸ್ಪಂಜಿನಂಥ ಮೆತ್ತನೆಯ ಭಾಗವೇ ಮಜ್ಜೆ. ಕೆಂಪು ರಕ್ತಕಣ, ಬಿಳಿ ರಕ್ತಕಣ, ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಎಲ್ಲ ತಯಾರಾಗುವ ಕಾರ್ಖಾನೆ ಅದು. ದೊಡ್ಡವರಲ್ಲಿ ಈ ಕೆಲಸ ಹೆಚ್ಚಾಗಿ ನಡೆಯುವುದು ಸೊಂಟ, ಎದೆಮೂಳೆ, ಪಕ್ಕೆಲುಬು, ಬೆನ್ನುಮೂಳೆಗಳಲ್ಲಿ. ಪರೀಕ್ಷೆಗೆ ಆರಿಸಿಕೊಳ್ಳುವುದು ಸೊಂಟದ ಹಿಂಭಾಗದ ಮೂಳೆಯ ಅಂಚು. ಕೈಯಿಟ್ಟು ಒತ್ತಿದರೆ ಗಟ್ಟಿಯಾಗಿ ಸಿಗುವ ಜಾಗ. ಬೆನ್ನುಹುರಿ ಅಲ್ಲಿಲ್ಲ. ಜನ ಇದನ್ನು ಬೆನ್ನಿನ ನೀರು ತೆಗೆಯುವ ಪರೀಕ್ಷೆಯ ಜೊತೆ ಬೆರೆಸಿಬಿಡುತ್ತಾರೆ. ಅದು ಬೇರೆ, ಇದು ಬೇರೆ.

ರೋಗಿಯನ್ನು ಪಕ್ಕಕ್ಕೆ ಅಥವಾ ಬೋರಲು ಮಲಗಿಸಿ ಚರ್ಮಕ್ಕೂ ಮೂಳೆಯ ಮೇಲ್ಪದರಕ್ಕೂ ಮರಗಟ್ಟಿಸುವ ಔಷಧ ಕೊಡುತ್ತಾರೆ. ಆಮೇಲೆ ಎರಡು ಕೆಲಸ. ಒಂದು, ಸಿರಿಂಜಿನಿಂದ ಕೆಲವು ಮಿಲಿಲೀಟರ್ ಮಜ್ಜೆ ಎಳೆಯುವುದು. ಎರಡು, ಒಂದೂವರೆ-ಎರಡು ಸೆಂಟಿಮೀಟರ್ ಉದ್ದದ, ತೆಳು ಕಡ್ಡಿಯಂಥ ಮೂಳೆಯ ಚೂರು ತೆಗೆಯುವುದು. ಇದಕ್ಕೆ ಪ್ರಪಂಚದಾದ್ಯಂತ ಬಳಸುವ ಸೂಜಿಗೆ ಜಮ್ಶೀದಿ ಸೂಜಿ ಎಂದು ಹೆಸರು. ಇರಾನ್ ಮೂಲದ ವೈದ್ಯ ಖೋಸ್ರೋ ಜಮ್ಶೀದಿ 1971ರಲ್ಲಿ ಅದನ್ನು ವೈದ್ಯಲೋಕಕ್ಕೆ ಪರಿಚಯಿಸಿದರು. ಮಜ್ಜೆ ಎಳೆಯುವಾಗ ಕೆಲವು ಸೆಕೆಂಡು ಕಾಲಿನವರೆಗೆ ಸೆಳೆದಂತೆ ನೋವಾಗುತ್ತದೆ. ನೋವೇ ಇಲ್ಲ ಎಂದು ಸುಳ್ಳು ಹೇಳಿ ಪ್ರಯೋಜನವಿಲ್ಲ. ಆದರೆ ಒಟ್ಟು ಕೆಲಸ ಅರ್ಧ ಗಂಟೆಯೊಳಗೆ ಮುಗಿಯುತ್ತದೆ. ಪಟ್ಟಿ ಕಟ್ಟಿ ಸ್ವಲ್ಪ ಹೊತ್ತು ಮಲಗಿಸಿ, ಹೆಚ್ಚಿನವರನ್ನು ಅದೇ ದಿನ ಮನೆಗೆ ಕಳಿಸುತ್ತಾರೆ. ಒಂದು ದಿನ ಆ ಜಾಗಕ್ಕೆ ನೀರು ತಾಗಿಸಬಾರದು. ಎರಡು ಮೂರು ದಿನ ಗಾಯದ ನೋವು ಇರಬಹುದು. ಚಿಕ್ಕ ಮಕ್ಕಳಿಗೆ ನಿದ್ದೆ ಬರಿಸಿ ಮಾಡುವುದರಿಂದ ಅವರು ಎಷ್ಟು ಹೊತ್ತಿನಿಂದ ಖಾಲಿ ಹೊಟ್ಟೆಯಲ್ಲಿರಬೇಕು ಎಂದು ಮೊದಲೇ ಕೇಳಿಕೊಳ್ಳಬೇಕು.

ಅಪಾಯ ಎಷ್ಟು? ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಸುಮಾರು 55 ಸಾವಿರ ಪರೀಕ್ಷೆಗಳ ಲೆಕ್ಕ ತೆಗೆದು 2003ರಲ್ಲಿ ಪ್ರಕಟಿಸಿದಾಗ ಗಂಭೀರ ತೊಂದರೆ ಕಂಡದ್ದು 26 ಪ್ರಕರಣಗಳಲ್ಲಿ. ಅದರಲ್ಲೂ ಮುಖ್ಯವಾದದ್ದು ರಕ್ತಸ್ರಾವ. ಆದ್ದರಿಂದ ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುತ್ತಿದ್ದರೆ, ಹೃದಯಕ್ಕೆ ಸ್ಟೆಂಟ್ ಹಾಕಿಸಿದ್ದರೆ ವೈದ್ಯರಿಗೆ ಮೊದಲೇ ಹೇಳಬೇಕು. ತಾವಾಗಿ ಮಾತ್ರೆ ನಿಲ್ಲಿಸಲೂಬಾರದು.

ನಮ್ಮ ತಾಯಂದಿರು, ಅಕ್ಕತಂಗಿಯರು ಸಂಕೋಚದಿಂದ ಹಿಂದೆ ಸರಿಯುವುದೂ ಉಂಟು. ತೆರೆಯುವುದು ಸೊಂಟದ ಹಿಂದಿನ ಅಂಗೈಯಷ್ಟು ಜಾಗ ಮಾತ್ರ, ಉಳಿದದ್ದನ್ನು ಬಟ್ಟೆಯಿಂದ ಮುಚ್ಚಿರುತ್ತಾರೆ. ಮಹಿಳಾ ವೈದ್ಯರು ಅಥವಾ ನರ್ಸ್ ಇರಲಿ ಎಂದು ಕೇಳುವುದರಲ್ಲಿ ತಪ್ಪೇನೂ ಇಲ್ಲ. ರಂಝಾನ್ ಮುಗಿಯಲಿ, ಮದುವೆ ಕಳೆಯಲಿ ಎಂದು ಮುಂದೂಡುವ ಮನೆಗಳಿವೆ. ರೋಗಿಗೆ ಉಪವಾಸದಲ್ಲಿ ರಿಯಾಯಿತಿ ಇದೆ. ರೋಗ ಮಾತ್ರ ಯಾರಿಗೂ ರಿಯಾಯಿತಿ ಕೊಡುವುದಿಲ್ಲ.

ಯಾರಿಗೆ ಬೇಕು, ಯಾರಿಗೆ ಬೇಡ

ರಕ್ತದ ಕ್ಯಾನ್ಸರ್ ಮಜ್ಜೆಯಲ್ಲೇ ಹುಟ್ಟುತ್ತದೆ. ಅಲ್ಲಿ ಇದು ರೋಗವನ್ನು ಗುರುತಿಸುವ ಪರೀಕ್ಷೆ. ಚಿಕಿತ್ಸೆಗೆ ಮಜ್ಜೆ ಹೇಗೆ ಸ್ಪಂದಿಸಿತು ಎಂದು ನೋಡಲು ಮತ್ತೆ ಮಾಡುತ್ತಾರೆ. ಮಕ್ಕಳ ರಕ್ತ ಕ್ಯಾನ್ಸರ್‌ನಲ್ಲಿ ಮೊದಲ ಹಂತದ ಔಷಧ ಮುಗಿದಾಗ, ಸುಮಾರು ಒಂದು ತಿಂಗಳಿಗೆ ಮಾಡುವ ಮಜ್ಜೆ ಪರೀಕ್ಷೆ ಮುಂದಿನ ದಾರಿಯನ್ನೇ ನಿರ್ಧರಿಸುತ್ತದೆ. "ಒಮ್ಮೆ ಮಾಡಿದ್ದಾಯ್ತಲ್ಲ, ಮತ್ತೇಕೆ?" ಎಂದು ಇಲ್ಲಿ ತಪ್ಪಿಸಬಾರದು. ವಯಸ್ಸಾದವರಲ್ಲಿ ಮೂಳೆನೋವು, ರಕ್ತಹೀನತೆ, ಕಿಡ್ನಿ ತೊಂದರೆ ಒಟ್ಟಿಗೆ ಬಂದರೆ ಮೈಲೋಮಾ ಎಂಬ ಕ್ಯಾನ್ಸರ್ ಶಂಕಿಸುತ್ತಾರೆ. ಅದಕ್ಕೂ ಮಜ್ಜೆ ಪರೀಕ್ಷೆ ಬೇಕು.

ಬೇರೆ ಕಡೆ ಹುಟ್ಟಿ ಮಜ್ಜೆಗೆ ಹರಡುವ ಕ್ಯಾನ್ಸರ್‌ಗಳೂ ಇವೆ. ಆ ಹೊಲಿಗೆ ಕಾರ್ಮಿಕನ ಕುತ್ತಿಗೆಯ ಗಂಟು ಲಿಂಫೋಮಾ ಎಂದಾದರೆ, ಮಜ್ಜೆಯಲ್ಲಿ ಅದೇ ಕಣಗಳು ಸಿಕ್ಕರೆ ಅದು ನಾಲ್ಕನೇ ಹಂತ. ಕೇಳಿದ ಕೂಡಲೇ ಕೈಚೆಲ್ಲಬೇಡಿ. ಲಿಂಫೋಮಾದಲ್ಲಿ ನಾಲ್ಕನೇ ಹಂತ ಅಂದರೆ ಮುಗಿದೇ ಹೋಯಿತು ಎಂದಲ್ಲ. ಕೆಲವು ಬಗೆಗಳು ಆ ಹಂತದಲ್ಲೂ ಗುಣವಾಗುತ್ತವೆ, ಆದರೆ ಔಷಧದ ಲೆಕ್ಕ ಬದಲಾಗುತ್ತದೆ. ಮಕ್ಕಳಲ್ಲಿ ಬರುವ ನ್ಯೂರೋಬ್ಲಾಸ್ಟೋಮಾದಲ್ಲಿ ಸೊಂಟದ ಎರಡೂ ಬದಿಯಿಂದ ಮಜ್ಜೆ ತೆಗೆದು ನೋಡುತ್ತಾರೆ. ಸ್ತನ, ಪ್ರಾಸ್ಟೇಟ್, ಶ್ವಾಸಕೋಶದ ಕ್ಯಾನ್ಸರ್ ಇದ್ದವರಿಗೆ ಕಾರಣವಿಲ್ಲದೆ ರಕ್ತಕಣಗಳು ಕುಸಿಯತೊಡಗಿದರೆ, ರೋಗ ಮಜ್ಜೆಗೆ ಇಳಿದಿದೆಯೇ ಎಂದು ತಿಳಿಯಲು ಇದೇ ಪರೀಕ್ಷೆ.

ಎಲ್ಲರಿಗೂ ಬೇಕಿಲ್ಲ ಎಂಬುದೂ ಅಷ್ಟೇ ಮುಖ್ಯ. ಆರಂಭದ ಹಂತದ ಸ್ತನ ಕ್ಯಾನ್ಸರ್‌ಗೆ ಇದನ್ನು ವಾಡಿಕೆಯಾಗಿ ಮಾಡುವುದಿಲ್ಲ. ಹಾಡ್ಜ್‌ಕಿನ್ ಲಿಂಫೋಮಾದಲ್ಲಿ ಪೆಟ್-ಸಿಟಿ ಸ್ಕ್ಯಾನ್ ಮಾಡಿಸಿದ್ದರೆ ಮಜ್ಜೆ ಪರೀಕ್ಷೆ ಹೆಚ್ಚಾಗಿ ಬೇಕಾಗುವುದಿಲ್ಲ ಎಂದು 2014ರಿಂದಲೇ ಅಂತಾರಾಷ್ಟ್ರೀಯ ಮಾರ್ಗಸೂಚಿ ಇದೆ. ಆದರೆ ಪೆಟ್ ಸ್ಕ್ಯಾನ್ ದೊಡ್ಡ ನಗರದಲ್ಲಿ ಮಾತ್ರ ಸಿಗುವ, ಸಾವಿರಗಟ್ಟಲೆ ಖರ್ಚಿನ ಪರೀಕ್ಷೆ. ಅದು ಕೈಗೆಟುಕದ ಕಡೆ ಈ ಸೂಜಿಯೇ ಬಡವನ ಸ್ಕ್ಯಾನ್. ಇನ್ನೊಂದು ಸಮಾಧಾನದ ಮಾತು: ವೈದ್ಯರು ಮಜ್ಜೆ ಪರೀಕ್ಷೆ ಬರೆದರೆ ಕ್ಯಾನ್ಸರ್ ಎಂದೇ ಅರ್ಥವಲ್ಲ. ಬಿಡದ ಜ್ವರ, ವಿಟಮಿನ್ ಬಿ12 ಕೊರತೆ, ಮಜ್ಜೆ ಒಣಗುವ ಅಪ್ಲಾಸ್ಟಿಕ್ ಅನೀಮಿಯಾ, ಮಜ್ಜೆಗೆ ತಗಲಿದ ಕ್ಷಯ ಕೂಡ ಇದರಲ್ಲೇ ಪತ್ತೆಯಾಗಬಹುದು.

ಹಳ್ಳಿ ಕಡೆ ಒಂದು ಎಚ್ಚರಿಕೆ ತುಂಬ ಅಗತ್ಯ. ಕಾರಣ ಗೊತ್ತಾಗುವ ಮೊದಲೇ ಸ್ಟೀರಾಯ್ಡ್ ಇಂಜೆಕ್ಷನ್ ಅಥವಾ ಮಾತ್ರೆ ಕೊಡಬಾರದು. ಲಿಂಫೋಮಾ, ಮಕ್ಕಳ ರಕ್ತ ಕ್ಯಾನ್ಸರ್‌ಗಳ ಕಣಗಳು ಸ್ಟೀರಾಯ್ಡ್‌ಗೆ ತಾತ್ಕಾಲಿಕವಾಗಿ ಕರಗುತ್ತವೆ. ಗಂಟು ಇಳಿಯುತ್ತದೆ, ಜ್ವರ ಬಿಡುತ್ತದೆ, "ಕೈಗುಣ ಒಳ್ಳೇದು" ಎಂದು ಡಾಕ್ಟರಿಗೆ ಹೆಸರು ಬರುತ್ತದೆ. ಕೆಲವು ವಾರಗಳಲ್ಲಿ ರೋಗ ಮರಳುತ್ತದೆ, ಆಗ ಪರೀಕ್ಷೆ ಮಾಡಿದರೆ ಚಿತ್ರ ಕಲಸಿಹೋಗಿರುತ್ತದೆ. ಯಾವ ಇಂಜೆಕ್ಷನ್ ಕೊಟ್ಟರು ಎಂದು ಚೀಟಿಯಲ್ಲಿ ಬರೆಸಿಕೊಳ್ಳುವುದು ರೋಗಿಯ ಕಡೆಯವರು ಮಾಡಬಹುದಾದ ಅತಿ ಸುಲಭದ, ಅತಿ ಉಪಯುಕ್ತ ಕೆಲಸ.

ಯೋಜನೆ ಇದೆ, ಪರೀಕ್ಷೆಗೆ ಇಲ್ಲ

ಈಗ ಕಾಗದದ ಗಡಿಗೆ ಬರೋಣ. ಗುಮ್ಮಘಟ್ಟದವನ ಕೈಯಲ್ಲಿರುವುದು ಆಂಧ್ರದ ರೇಷನ್ ಕಾರ್ಡ್. 2007ರಲ್ಲಿ ಆರೋಗ್ಯಶ್ರೀ ಎಂದು ಶುರುವಾದ ಯೋಜನೆ ಈಗ ಡಾ. ಎನ್‌ಟಿಆರ್ ವೈದ್ಯ ಸೇವಾ ಆಗಿದೆ. ಕರ್ನಾಟಕದ ಕಡೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಇದೆ, ಅದು ಇಲ್ಲಿನ ಕಾರ್ಡ್ ಇದ್ದವರಿಗೆ. 2019ರ ನವೆಂಬರ್‌ನಲ್ಲಿ ಆಂಧ್ರ ಸರ್ಕಾರ ಬೆಂಗಳೂರು, ಚೆನ್ನೈ, ಹೈದರಾಬಾದ್‌ಗಳ ಆಯ್ದ ಆಸ್ಪತ್ರೆಗಳಿಗೂ ತನ್ನ ಯೋಜನೆ ವಿಸ್ತರಿಸಿತು. ಗಡಿಯೂರುಗಳ ವಾಸ್ತವವನ್ನು ಒಪ್ಪಿಕೊಂಡ ಹೆಜ್ಜೆ ಅದು. ಆದರೆ ಯಾವ ಆಸ್ಪತ್ರೆ, ಯಾವ ಚಿಕಿತ್ಸೆ, ಯಾವ ಪತ್ರ ಎಂದು ಹಳ್ಳಿಯವನಿಗೆ ಹೇಳುವವರು ಯಾರು? ಕೇಂದ್ರದ ಆಯುಷ್ಮಾನ್ ಕಾರ್ಡ್ ದೇಶದ ಯಾವುದೇ ನೋಂದಾಯಿತ ಆಸ್ಪತ್ರೆಯಲ್ಲಿ ನಡೆಯಬೇಕು. ರಾಜ್ಯದ ಪಟ್ಟಿಯಲ್ಲಿ ಮಾತ್ರ ಹೆಸರಿರುವವರಿಗೆ ಆ ಸೌಲಭ್ಯ ಗಡಿ ದಾಟುವುದಿಲ್ಲ.

ಇನ್ನೂ ದೊಡ್ಡ ತೂತು ಬೇರೆಯೇ ಇದೆ. ಆಯುಷ್ಮಾನ್ ಒಳರೋಗಿಗಳ ಯೋಜನೆ. ದಾಖಲಾಗುವ ಮೊದಲಿನ 3 ದಿನ, ಬಿಡುಗಡೆ ನಂತರದ 15 ದಿನಗಳ ಖರ್ಚು ಅದರಲ್ಲಿ ಸೇರುತ್ತದೆ. ಮಜ್ಜೆ ಪರೀಕ್ಷೆಯೋ, ಹೊರರೋಗಿಯಾಗಿ ಅರ್ಧ ದಿನದಲ್ಲಿ ಮುಗಿಯುವಂಥದ್ದು. ವರದಿಗೆ ಕಾಯಬೇಕು. ಮಜ್ಜೆಯ ದ್ರವವನ್ನು ಗಾಜಿನ ಮೇಲೆ ಬಳಿದು ಬೇಗ ನೋಡಬಹುದು, ಆದರೆ ಮೂಳೆಯ ಚೂರಿನ ಸುಣ್ಣದಂಶ ಕರಗಿಸಿ, ತೆಳುವಾಗಿ ಕತ್ತರಿಸಿ ಬಣ್ಣ ಹಾಕಲು ದಿನಗಳು ಹಿಡಿಯುತ್ತವೆ. ಫ್ಲೋ ಸೈಟೋಮೆಟ್ರಿ, ಕ್ರೋಮೋಸೋಮ್ ಪರೀಕ್ಷೆ ಸೇರಿದರೆ ಇನ್ನಷ್ಟು ದಿನ, ಇನ್ನಷ್ಟು ದುಡ್ಡು. ಹೀಗಾಗಿ ರೋಗ ಖಚಿತವಾದ ಮೇಲೆ ಲಕ್ಷಗಟ್ಟಲೆ ಕೊಡಲು ಸರ್ಕಾರ ಸಿದ್ಧವಿದ್ದರೂ, ಖಚಿತಪಡಿಸಿಕೊಳ್ಳುವ ಮೊದಲ ಸಾವಿರಗಳು ಬಹುಪಾಲು ಬಡವನ ಜೇಬಿನಿಂದಲೇ ಹೋಗಬೇಕು. ಆ ಸಾವಿರ ಹೊಂದಿಸಲು ಆಗದೆ ಊರಿಗೆ ವಾಪಸ್ ಹೋದವನ ಲೆಕ್ಕ ಯಾವ ಯೋಜನೆಯ ಜಾಹೀರಾತಿನಲ್ಲೂ ಬರುವುದಿಲ್ಲ.

ಕಿದ್ವಾಯಿ ಸಂಸ್ಥೆ 1973ರಲ್ಲಿ ಶುರುವಾಯಿತು. ಸ್ವಾತಂತ್ರ್ಯ ಹೋರಾಟಗಾರ, ನೆಹರೂ ಸಂಪುಟದ ಸಚಿವ ರಫಿ ಅಹ್ಮದ್ ಕಿದ್ವಾಯಿ ಅವರ ನೆನಪಿನ ಆಸ್ಪತ್ರೆ ಅದು. 1980ರಲ್ಲಿ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರದ ಮಾನ್ಯತೆ ಪಡೆಯಿತು. ಅರ್ಧ ಶತಮಾನದಿಂದ ಕರ್ನಾಟಕದ ಜೊತೆ ಆಂಧ್ರ, ತಮಿಳುನಾಡಿನ ಬಡವರನ್ನೂ ಅದು ನೋಡಿಕೊಂಡು ಬಂದಿದೆ. ಆದರೆ ಎಲ್ಲ ದಾರಿಗಳೂ ಒಂದೇ ಬಾಗಿಲಿಗೆ ಬಂದು ನಿಂತರೆ ಸರತಿ ಸಾಲು ಉದ್ದವಾಗದೆ ಇರುತ್ತದೆಯೇ?

ಮಾಡಬೇಕಾದದ್ದು ಅಸಾಧ್ಯವೇನಲ್ಲ. ಮಜ್ಜೆ ತೆಗೆಯಲು ದೊಡ್ಡ ಯಂತ್ರ ಬೇಡ, ಶಸ್ತ್ರಚಿಕಿತ್ಸೆ ಕೊಠಡಿ ಬೇಡ. ತರಬೇತಿ ಪಡೆದ ವೈದ್ಯ, ಒಂದು ಸೂಜಿ, ಸ್ವಚ್ಛ ಕೋಣೆ ಸಾಕು. ಡೇ ಕೇರ್ ಕೇಂದ್ರ ಬರುವ ಪ್ರತಿ ಜಿಲ್ಲಾಸ್ಪತ್ರೆಯಲ್ಲಿ ಮಾದರಿ ತೆಗೆದು, ಸ್ಲೈಡ್ ಮತ್ತು ಚೂರನ್ನು ಮೆಡಿಕಲ್ ಕಾಲೇಜಿನ ಪೆಥಾಲಜಿ ವಿಭಾಗಕ್ಕೆ ಕಳಿಸಬಹುದು. ರೋಗಿ 200 ಕಿಲೋಮೀಟರ್ ಓಡುವ ಬದಲು ಅವನ ಸ್ಲೈಡ್ ಓಡಲಿ. ಪತ್ತೆ ಪರೀಕ್ಷೆಗಳನ್ನು ಯೋಜನೆಯೊಳಗೆ ತರಬೇಕು. ಗಡಿ ಮಂಡಲಗಳ ಕಾರ್ಡ್ ಎರಡೂ ಕಡೆ ನಡೆಯುವಂತೆ ಎರಡು ರಾಜ್ಯಗಳು ಕೂತು ಮಾತಾಡಬೇಕು. ರಾಯದುರ್ಗಕ್ಕೆ ಬಳ್ಳಾರಿ ಎಷ್ಟು ಹತ್ತಿರವೋ ಮಂಜೇಶ್ವರಕ್ಕೆ ಮಂಗಳೂರು ಅದಕ್ಕಿಂತ ಹತ್ತಿರ. ಈ ಬೇಡಿಕೆ ನಮ್ಮದೂ ಹೌದು.

ನಮ್ಮ ಯುವಕರು ಏನು ಮಾಡಬಹುದು?

ಕರಾವಳಿಯ ಯುವಕರಿಗೆ ರಕ್ತದಾನದ ಪಾಠ ಯಾರೂ ಹೇಳಿಕೊಡಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಮೆಸೇಜ್ ಬಂದರೂ ಬೈಕ್ ಹತ್ತುವವರು ಇದ್ದಾರೆ, ದುಬೈ, ದಮಾಮ್‌ನಲ್ಲಿ ಕೂತು ಶಿಬಿರ ಏರ್ಪಡಿಸುವವರೂ ಇದ್ದಾರೆ. ಮಜ್ಜೆಗೆ ರೋಗ ಇಳಿದವರಿಗೆ ರಕ್ತಕ್ಕಿಂತ ಪ್ಲೇಟ್‌ಲೆಟ್ ಹೆಚ್ಚು ಸಲ ಬೇಕಾಗುತ್ತದೆ, ಅದು ಐದು ದಿನಕ್ಕಿಂತ ಹೆಚ್ಚು ಇಡಲು ಬರುವುದಿಲ್ಲ. ಹೆಸರು ಕೊಟ್ಟಿಟ್ಟು ಸರದಿ ಪ್ರಕಾರ ಹೋಗುವವರು ಬೇಕು.

ಇನ್ನೊಂದು ತಪ್ಪು ಕಲ್ಪನೆ ಬಿಡಿಸಬೇಕು. ಮಜ್ಜೆ ಪರೀಕ್ಷೆ ಬೇರೆ, ಮಜ್ಜೆ ದಾನ ಬೇರೆ. ದಾನಕ್ಕೆ ಹೆಸರು ನೋಂದಾಯಿಸಲು ಕೆನ್ನೆಯ ಒಳಗಿಂದ ಹತ್ತಿಕಡ್ಡಿಯಲ್ಲಿ ಒರೆಸಿ ತೆಗೆದರೆ ಸಾಕು. 2009ರಲ್ಲಿ ಚೆನ್ನೈನಲ್ಲಿ ಶುರುವಾದ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಸಂಸ್ಥೆಗಳು ಈ ಕೆಲಸ ಮಾಡುತ್ತವೆ. ಒಡಹುಟ್ಟಿದ ಒಬ್ಬರ ಅಂಗಾಂಶ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. ಉಳಿದವರು ಹೊರಗಿನ ದಾನಿಯನ್ನು ಹುಡುಕಬೇಕು, ಒಂದೇ ಮೂಲದ ಜನರಲ್ಲಿ ಸಿಗುವ ಸಾಧ್ಯತೆ ಹೆಚ್ಚು. ನಮ್ಮಂಥ ಸಣ್ಣ ಸಮುದಾಯದವರು ಪಟ್ಟಿಯಲ್ಲಿ ಇಲ್ಲದಿದ್ದರೆ ನಮ್ಮ ಮಗುವಿಗೆ ಬೇಕಾದಾಗ ಹುಡುಕುವುದೆಲ್ಲಿ?

ಇದೆಲ್ಲಕ್ಕಿಂತ ಮೊದಲು ಬೇಕಾದದ್ದು ಜೊತೆಗೆ ಹೋಗುವ ಒಬ್ಬ ಮನುಷ್ಯ. ಪ್ರತಿ ಜಮಾಅತ್‌ನಲ್ಲಿ, ಪ್ರತಿ ಊರಿನ ಸಂಘದಲ್ಲಿ ಆಸ್ಪತ್ರೆಯ ಕಾಗದ ಓದಬಲ್ಲ ಇಬ್ಬರಾದರೂ ಇರಲಿ. ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ಅದರಲ್ಲಿ ಏನಿದೆ ಎಂದು ರೋಗಿಯ ಭಾಷೆಯಲ್ಲಿ ಹೇಳುವವರು ಅವರು. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ ಹೋಗುವಾಗ ವರದಿಯ ಜೊತೆ ಸ್ಲೈಡ್ ಮತ್ತು ಮೇಣದ ಬ್ಲಾಕ್‌ ಕೇಳಿ ತರುವವರು. ಅದಿದ್ದರೆ ಎಷ್ಟೋ ಸಲ ಪರೀಕ್ಷೆಯನ್ನು ಮತ್ತೆ ಮಾಡಬೇಕಾಗುವುದಿಲ್ಲ, ಒಂದು ಸೂಜಿ ಉಳಿಯುತ್ತದೆ, ಒಂದು ವಾರ ಉಳಿಯುತ್ತದೆ. "ಕಾಲು ಬಿದ್ದು ಹೋಗುತ್ತೆ" ಅನ್ನುವ ನೆಂಟನಿಗೆ ಉತ್ತರ ಕೊಡುವವರೂ ಅವರೇ.

ಮೂರು ನಾಲ್ಕು ವಾರವಾದರೂ ಇಳಿಯದ ಗಂಟು, ಕಾರಣ ಸಿಗದ ಜ್ವರ, ಒಸಡಿನ ರಕ್ತ, ಮೈಮೇಲೆ ತಾನಾಗಿ ಮೂಡುವ ನೀಲಿ ಗುರುತು, ಬಿಳಿಚಿಕೊಂಡು ಕಾಲುನೋವು ಎಂದು ಅಳುವ ಮಗು. ಇವುಗಳಲ್ಲಿ ಯಾವುದು ಕಂಡರೂ ಮೊದಲು ಒಂದು ರಕ್ತಪರೀಕ್ಷೆ ಮಾಡಿಸಿ. ಅದು ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಅದರಲ್ಲಿ ವ್ಯತ್ಯಾಸ ಕಂಡು ವೈದ್ಯರು ಮಜ್ಜೆ ಪರೀಕ್ಷೆ ಬರೆದರೆ, ದಿನಾಂಕ ಮುಂದೂಡದೆ ಹೋಗಿ ಬನ್ನಿ.